ಮಂಡಿಪುಡಿ ನಿಲ್ಲಿಸಬೇಡಿ

ಮಂಡಿ ನೋವಿನವರು ನನ್ನ ಹತ್ತಿರ ಬರುವುದು ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಮುಳಬಾಗಿಲಿನಿಂದ ನಂಗಲಿಗೆ ಹೋಗುವ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗಿರುವ ಹಳ್ಳಿಯಲ್ಲಿ ನಮ್ಮ ಸರ್ಕಾರಿ ಆಯುರ್ವೇದ ಚಿಕಿತ್ಸಾಲಯವಿದೆ. ಎರಡು ಕೋಣೆ, ಮುಂದೊಂದು ಜಗಲಿ. ವೈದ್ಯೆಯಾಗಿ ನಾನು, ಔಷಧ ಕೊಡಲು ಒಬ್ಬ ಫಾರ್ಮಸಿಸ್ಟ್. ಬರುವವರಲ್ಲಿ ಅರ್ಧಕ್ಕರ್ಧ ಕೀಲು ಸವೆದವರೇ ಇರುತ್ತಿದ್ದರು. ಹಸುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಹಾಲು ಕರೆಯುವ ಹೆಂಗಸರು, ಟೊಮೆಟೊ ಕ್ರೇಟು ಹೊತ್ತು ಹೊತ್ತು ಸೋತವರು, ಕೂತರೆ ಏಳಲಾರದ, ಎದ್ದರೆ ಕೂರಲಾರದ ಮುದುಕರು.

ಅವರಿಗೆಲ್ಲ ನಾನು ಕೊಡುತ್ತಿದ್ದದ್ದು ಯೋಗರಾಜ ಗುಗ್ಗುಲು, ಶಲ್ಲಕಿ ಮಾತ್ರೆ, ರಾಸ್ನಾದಿ ಕಷಾಯ, ಹಚ್ಚಲು ಮಹಾನಾರಾಯಣ ತೈಲ. ಸವೆದ ಕೀಲನ್ನು ಇವು ಯಾವುವೂ ಮತ್ತೆ ಬೆಳೆಸುವುದಿಲ್ಲ. ಊತ ಒಂದಿಷ್ಟು ಇಳಿಯುತ್ತದೆ, ಬೆಳಗಿನ ಬಿಗಿತ ಸಡಿಲವಾಗುತ್ತದೆ, ಅದೂ ವಾರಗಟ್ಟಲೆ ಬಿಡದೆ ತೆಗೆದುಕೊಂಡರೆ. ಜೊತೆಗೆ ತೊಡೆಯ ಸ್ನಾಯು ಗಟ್ಟಿಯಾಗಲು ವ್ಯಾಯಾಮ ಮಾಡಬೇಕು. ಇಷ್ಟನ್ನು ಹೇಳಿ ಕಳಿಸುವಾಗ ಅವರ ಮುಖ ಸಪ್ಪಗಾಗುವುದು ನನಗೆ ರೂಢಿಯಾಗಿತ್ತು. ಜನ ಬರುವುದು ಕಡಿಮೆಯಾದಾಗ ನಾನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಕೊಂಚ ಆರಾಮವೇ ಅನ್ನಿಸಿತು.

ಒಂದು ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಹಾಗೆಯೇ ಕ್ಯಾನು ಹಿಡಿದು ಒಬ್ಬ ಹೆಂಗಸು ಬಂದರು. ಹಳೆಯ ಪರಿಚಯ. ಊರಲ್ಲಿ ಎಲ್ಲರೂ ಹಾಲಿನಮ್ಮ ಎಂದೇ ಕರೆಯುವುದು. ಮೂರು ಹಸು ಕಟ್ಟಿ, ಗಂಡ ಹೋದ ಮೇಲೆ ಸಂಸಾರ ನಿಲ್ಲಿಸಿದವರು. ಹಿಂದೆ ನಮ್ಮ ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದವರು ಅವತ್ತು ಸರಸರ ಹತ್ತಿ ಬಂದರು. ಕಾಲಿನ ಮೇಲೊಂದು ಗಾಯ ಬಹಳ ದಿನದಿಂದ ಮಾಯುತ್ತಿಲ್ಲ ಎನ್ನುವುದು ಅವರ ದೂರು.

"ಮಂಡಿ ಹೇಗಿದೆ?" ಅಂದೆ.

"ಮಂಡಿ ಮಾತೇ ಎತ್ಬೇಡ ಡಾಕ್ಟ್ರಮ್ಮ, ಪೂರ್ತಿ ವಾಸಿ. ನಂಗಲಿ ಡ್ರೈವರಣ್ಣನ ಮಂಡಿಪುಡಿ ತಿಂತಾ ಇದೀನಿ. ಮೂರೇ ದಿನಕ್ಕೆ ಕಣಮ್ಮ, ನೋವು ಎಲ್ಲೋಯ್ತೋ ಗೊತ್ತಿಲ್ಲ. ನೋಡು, ಮೈ ಕೈನೂ ತುಂಬ್ಕೊಂಡಿದೀನಿ."

ಮೈ ತುಂಬಿಕೊಂಡಿದ್ದು ನನಗೆ ಸರಿಕಾಣಲಿಲ್ಲ. ಕೈಕಾಲು ಮೊದಲಿಗಿಂತ ಸಣ್ಣಗಾಗಿದ್ದವು. ಮುಖ ಮಾತ್ರ ದುಂಡಗೆ ಊದಿ ಕೆನ್ನೆ ಕೆಂಪೇರಿತ್ತು. ಮುಂಗೈ ಮೇಲೆ ಅಲ್ಲಲ್ಲಿ ನೇರಳೆ ಬಣ್ಣದ ಕಲೆಗಳು. ಎಲ್ಲಿ ತಾಗಿಸಿಕೊಂಡಿರಿ ಎಂದರೆ ಅವರಿಗೆ ನೆನಪಿಲ್ಲ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪೊಟ್ಟಣ ತೆಗೆದು ತೋರಿಸಿದರು. ಹಸಿರು ಕವರು, ಮೇಲೆ ಎಲೆಯ ಚಿತ್ರ, ಸಂಪೂರ್ಣ ನೈಸರ್ಗಿಕ ಎಂಬ ಅಕ್ಷರ. ಹಿಂಬದಿಯಲ್ಲಿದ್ದ ಹೆಸರುಗಳೆಲ್ಲ ನಾನು ದಿನಾ ಬರೆದುಕೊಡುವವೇ: ಗುಗ್ಗುಲು, ಶಲ್ಲಕಿ, ಶುಂಠಿ, ಅಶ್ವಗಂಧ, ಅರಿಶಿನ. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡೆ. ಬೇರೆ ಯಾವ ರುಚಿಯೂ ಇಲ್ಲ. ಆದರೆ ಇದೇ ಗಿಡಮೂಲಿಕೆಗಳನ್ನು ಇಷ್ಟು ವರ್ಷ ಕೊಟ್ಟವಳು ನಾನು. ಇವು ಮೂರು ದಿನದಲ್ಲಿ ಯಾರನ್ನೂ ಮೆಟ್ಟಿಲು ಹತ್ತಿಸುವುದಿಲ್ಲ.

ಪುಡಿಯಲ್ಲಿ ನೋವನ್ನು ಥಟ್ಟನೆ ಅಡಗಿಸುವ ಸ್ಟೀರಾಯ್ಡ್ ಬೆರೆಸಿರಬಹುದು ಎಂಬ ಅನುಮಾನ ಅವತ್ತೇ ಬಂತು. ಅನುಮಾನದ ಮೇಲೆ ಬಾಯಿಬಿಡುವ ಹಾಗಿರಲಿಲ್ಲ. ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹಾಲಿನಮ್ಮನನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಅವರಿಂದ ಒಂದು ಪೊಟ್ಟಣ ಕೇಳಿ ಪಡೆದು, ಮುಚ್ಚಿ ಸೀಲು ಮಾಡಿ, ಔಷಧ ತಪಾಸಣೆ ನೋಡುವ ಅಧಿಕಾರಿಗೆ ದೂರಿನ ಜೊತೆ ಕಳಿಸಿದೆ. ಅವರು ಡ್ರೈವರಣ್ಣನ ಅಂಗಡಿಯಿಂದಲೇ ಬೇರೆ ಸ್ಯಾಂಪಲ್ ತೆಗೆದು ಪ್ರಯೋಗಾಲಯಕ್ಕೆ ಕೊಡಬೇಕು, ಅಲ್ಲಿಂದ ವರದಿ ಬರಬೇಕು. ವಾರಗಳು ಹಿಡಿಯುತ್ತವೆ ಎಂದರು. ಕಾಯುವುದೊಂದೇ ಉಳಿಯಿತು. ಹಾಲಿನಮ್ಮ ಸಕ್ಕರೆ ಪರೀಕ್ಷೆಗೆ ಹೋಗಲಿಲ್ಲ. ಹಸು ಕರು ಹಾಕುವುದಿತ್ತಂತೆ.

ವರದಿ ಬರುವ ಮೊದಲೇ ಹಾಲಿನಮ್ಮ ಬಿದ್ದರು. ಕ್ಯಾಲನೂರಿನ ತವರಿನಲ್ಲಿ ಮದುವೆ ಎಂದು ಹೋದವರು ಪುಡಿಯ ಪೊಟ್ಟಣ ಮನೆಯಲ್ಲೇ ಮರೆತಿದ್ದರು. ಮದುವೆ, ಬೀಗರೂಟ ಎಂದು ಅಲ್ಲೇ ಕೆಲವು ದಿನ ಉಳಿದರು. ಊರಿಗೆ ಬಂದ ಬಸ್ಸಿನಿಂದ ಇಳಿಸಿದ್ದೇ ಇಬ್ಬರು ಹಿಡಿದುಕೊಂಡು. ಅವರ ಸೊಸೆ ಓಡಿ ಬಂದು ನನ್ನನ್ನು ಕರೆದಳು. "ಮೇಡಂ, ನಮ್ಮತ್ತೆ ಕಣ್ಣೇ ಬಿಡ್ತಿಲ್ಲ, ನೀರು ಕುಡಿದ್ರೂ ವಾಂತಿ." ನಾಡಿ ಹಿಡಿದರೆ ಸಿಕ್ಕಿಯೂ ಸಿಗದ ಹಾಗೆ ಓಡುತ್ತಿತ್ತು. ರಕ್ತದೊತ್ತಡ ಅಳೆಯಲು ಹೋದೆ, ಮೇಲಿನ ಅಂಕಿಯೇ ಕೇಳಿಸಲೊಲ್ಲದು. ಅವರನ್ನು ಊರಿನವರೊಬ್ಬರ ಕಾರಿಗೆ ಹಾಕಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟೆವು.

ಅಲ್ಲಿನ ಫಿಸಿಶಿಯನ್ ನನಗಿಂತ ಚಿಕ್ಕವರು, ಮಾತು ಕಡಿಮೆ. ಗ್ಲೂಕೋಸು, ಸಲೈನು ಏರಿಸಿದರೂ ಒತ್ತಡ ಏರಲಿಲ್ಲ. ಬೇದಿ ಇಲ್ಲ, ಜ್ವರ ಇಲ್ಲ, ಇಸಿಜಿ ಸರಿಯಾಗಿದೆ. ಅವರು ರೋಗಿಯ ಮುಖವನ್ನೇ ನೋಡುತ್ತ ನಿಂತಾಗ ನಾನು ಪುಡಿಯ ವಿಷಯ ಹೇಳಿದೆ. ತಕ್ಷಣ ನರ್ಸ್ ಕಡೆ ತಿರುಗಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ತರಲು ಹೇಳಿದರು. ನರಕ್ಕೆ ಕೊಟ್ಟ ಇಂಜೆಕ್ಷನ್ ಅದು. ಸಂಜೆಗೆಲ್ಲ ಹಾಲಿನಮ್ಮ ಎದ್ದು ಕೂತು ಕಾಫಿ ಕೇಳಿದರು.

ಓದುವವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಎರಡು ಸಣ್ಣ ಗ್ರಂಥಿಗಳಿವೆ. ಸ್ಟೀರಾಯ್ಡ್ ಎಂದು ನಾವು ಕರೆಯುವ ರಸವನ್ನು ದೇಹಕ್ಕೆ ಬೇಕಾದಷ್ಟು ಅವೇ ತಯಾರಿಸುತ್ತವೆ. ಅದಿಲ್ಲದೆ ರಕ್ತದೊತ್ತಡ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಹೊರಗಿನಿಂದ ತಿನ್ನುತ್ತ ಹೋದರೆ ಆ ಗ್ರಂಥಿಗಳು ಕೆಲಸ ನಿಲ್ಲಿಸಿಬಿಡುತ್ತವೆ. ಆಮೇಲೆ ಹೊರಗಿನದು ಥಟ್ಟನೆ ನಿಂತರೆ ಒಳಗಿನದೂ ಇಲ್ಲ. ಹಾಗಾಗಿ ಬಿಡುವುದಾದರೆ ಸ್ವಲ್ಪಸ್ವಲ್ಪವಾಗಿ, ವೈದ್ಯರ ಕಣ್ಣೆದುರೇ ಬಿಡಬೇಕು. ತಿನ್ನುವುದು ಅಪಾಯ, ಒಮ್ಮೆಲೇ ಬಿಡುವುದು ಅದಕ್ಕಿಂತ ಅಪಾಯ.

"ಈ ಪುಡಿ ಇನ್ನೂ ಎಷ್ಟು ಜನ ತಿಂತಿದ್ದಾರೆ ಮೇಡಂ?" ಎಂದರು ಫಿಸಿಶಿಯನ್.

ಖಾಲಿಯಾದ ನನ್ನ ಜಗಲಿ ನೆನಪಾಯಿತು.

ಆ ವಾರವೇ ವರದಿ ಬಂತು. ಸ್ಟೀರಾಯ್ಡೂ ಇತ್ತು, ಜೊತೆಗೊಂದು ನೋವಿನ ಮಾತ್ರೆಯ ಅಂಶವೂ ಇತ್ತು. ತಪಾಸಣೆಯ ಅಧಿಕಾರಿ ಫೋನಿನಲ್ಲಿ ಉತ್ಸಾಹದಿಂದ ಹೇಳಿದರು, ಅಂಗಡಿಯ ಸರಕೆಲ್ಲ ಜಪ್ತಿ ಮಾಡುತ್ತೇವೆ ಎಂದು. ನಾನು ಬೇಡಿಕೊಂಡೆ.

"ಸರ್, ಸ್ವಲ್ಪ ದಿನ ತಡೀರಿ. ತಿನ್ನೋರು ಯಾರ್ಯಾರು ಅಂತ ಪತ್ತೆ ಮಾಡ್ತೀನಿ. ಎಲ್ಲರಿಗೂ ಒಂದೇ ಸಲ ಪುಡಿ ನಿಂತರೆ ಕಷ್ಟ ಆಗುತ್ತೆ."

"ಮೇಡಂ, ರಿಪೋರ್ಟ್ ಕೈಗೆ ಬಂದ ಮೇಲೆ ನಾನು ಹೇಗೆ ಸುಮ್ಮನಿರಲಿ? ಇವತ್ತು ಹೊಸದಾಗಿ ಒಬ್ಬ ಕೊಂಡು ತಿಂದ್ರೆ ಅದಕ್ಕೆ ನಾನು ಹೊಣೆ ಆಗಲ್ವಾ?"

ಅವರ ಮಾತಲ್ಲಿ ತಪ್ಪಿರಲಿಲ್ಲ. ಮಾರನೆಯ ದಿನ ನಂಗಲಿಯ ಹೆದ್ದಾರಿ ಬದಿಯ ಆ ಅಂಗಡಿಗೆ ಬೀಗ ಬಿತ್ತು. ಡ್ರೈವರಣ್ಣ ಊರು ಬಿಟ್ಟು ಆಂಧ್ರದ ಕಡೆ ಹೋದನೆಂದು ಜನ ಮಾತಾಡಿಕೊಂಡರು.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆದು ಹಾಗೇ ಕೂತಿದ್ದೆ. ಪುಡಿಯಲ್ಲಿ ಕಲಬೆರಕೆಯಿದೆ ಎಂಬ ಸುದ್ದಿ ಹಬ್ಬಿದರೆ ಜನ ಹೆದರಿ ಇದ್ದಬದ್ದದ್ದನ್ನು ತಿಪ್ಪೆಗೆ ಎಸೆಯುತ್ತಾರೆ. ಸರ್ಕಾರಿ ವೈದ್ಯೆಯಾಗಿ ನಾನು ಹೇಳಬೇಕಾದ್ದೂ ಅದನ್ನೇ. ಆದರೆ ಹಾಲಿನಮ್ಮನ ಸಿಗದ ನಾಡಿ ಇನ್ನೂ ನನ್ನ ಬೆರಳಲ್ಲಿತ್ತು. ಫಿಸಿಶಿಯನ್‌ಗೆ ಫೋನು ಮಾಡಿ ನಾನು ಹೇಳಬೇಕೆಂದಿರುವುದನ್ನು ಓದಿದ ಹಾಗೆ ಒಪ್ಪಿಸಿದೆ. ಅವರು "ಹೇಳಿ ಮೇಡಂ. ತಿಂದೋರನ್ನ ನನ್ನ ಹತ್ರ ಕಳಿಸಿ, ನಾನು ನೋಡ್ಕೋತೀನಿ" ಎಂದರು.

ಬೆಳಿಗ್ಗೆ ಡೇರಿಯ ಮುಂದೆ, ಹಾಲು ಅಳೆಯುವ ಸಾಲಿನ ಎದುರು ನಿಂತು ಹೇಳಿದೆ. "ಮಂಡಿಪುಡಿಯಲ್ಲಿ ಇಂಗ್ಲಿಷ್ ಮದ್ದು ಕಲಸಿದ್ದಾರೆ. ಅದು ಕೆಟ್ಟದ್ದೇ. ಆದರೆ ತಿಂಗಳುಗಟ್ಟಲೆ ತಿಂದವರು ಇವತ್ತೇ ನಿಲ್ಲಿಸಬೇಡಿ. ಇವತ್ತಿನದು ಇವತ್ತು ತಿಂದು ನನ್ನ ಜೊತೆ ಮುಳಬಾಗಿಲಿಗೆ ಬನ್ನಿ. ಅಲ್ಲಿ ಡಾಕ್ಟರು ಬೇರೆ ಮಾತ್ರೆ ಕೊಟ್ಟು ನಿಧಾನವಾಗಿ ಬಿಡಿಸ್ತಾರೆ. ಪುಡಿ ಮುಗಿದವರು ಈಗಲೇ ಹೊರಡಿ."

"ಕೆಟ್ಟದ್ದು ಅಂತೀಯ, ತಿನ್ನು ಅಂತೀಯ. ಏನಮ್ಮ ಇದು?" ಎಂದು ಒಬ್ಬ ಅಜ್ಜಿ ಜೋರು ಮಾಡಿತು. ಉಳಿದವರು ನಕ್ಕರು. ಸಾಲಿನಲ್ಲಿದ್ದ ಹಾಲಿನಮ್ಮನ ಸೊಸೆ ನಗಲಿಲ್ಲ. ಕ್ಯಾನು ಕೆಳಗಿಟ್ಟು, ಅತ್ತೆಗೆ ಏನಾಯಿತೆಂದು ತೆಲುಗು ಕನ್ನಡ ಎರಡರಲ್ಲೂ ಹೇಳಿದಳು. ಅವಳ ಮಾತು ಕೇಳಿ ಕೆಲವರು ನನ್ನ ಜೊತೆ ಬಂದರು. ಬಾರದವರಿಂದ ಸುದ್ದಿ ಬೇರೆ ರೂಪ ತಾಳಿ ಹೋಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಮೇಲಧಿಕಾರಿಯ ಫೋನು.

"ಏನ್ರೀ ಡಾಕ್ಟ್ರೇ, ಜಪ್ತಿ ಆಗಿರೋ ಪುಡೀನ ತಿನ್ನಿ ಅಂತ ನೀವೇ ಹೇಳ್ಕೊಂಡು ತಿರುಗ್ತಿದ್ದೀರಂತೆ?"

ವಿವರಿಸಿದೆ. ಬರೆದು ಕೊಡಿ ಎಂದರು. ಬರೆದು ಕೊಟ್ಟೆ. ಅದರ ಮೇಲೆ ಇನ್ನೊಂದು ಪ್ರಶ್ನೆ ಬಂತು, ಅದಕ್ಕೂ ಬರೆದೆ. ಬೆಳಿಗ್ಗೆ ಡೇರಿ, ಆಮೇಲೆ ಮುಳಬಾಗಿಲು, ಮಧ್ಯಾಹ್ನ ಚಿಕಿತ್ಸಾಲಯ, ಸಂಜೆ ಸಮಜಾಯಿಷಿ.

ಇಷ್ಟಾದರೂ ನನ್ನ ಕೈಗೆ ಸಿಕ್ಕಿದ್ದು ನಮ್ಮ ಊರಿನವರು ಮಾತ್ರ. ಉಳಿದವರು ಯಾವ ಯಾವ ಹಳ್ಳಿಯಲ್ಲಿದ್ದಾರೋ ಡ್ರೈವರಣ್ಣನಿಗೇ ಗೊತ್ತು. ಅವರನ್ನು ಹುಡುಕುವುದೆಂದು ತೀರ್ಮಾನಿಸಿ ನಂಗಲಿಗೆ ಹೋದೆ. ಲಾರಿಗಳು ಸಾಲುಗಟ್ಟಿ ನಿಲ್ಲುವ ಕಡೆ, ಪಂಕ್ಚರ್ ಅಂಗಡಿಯ ಹಿಂದಿನ ಮನೆ ಅವರದು ಎಂದು ಟೀ ಅಂಗಡಿಯವರು ತೋರಿಸಿದರು. ಬಾಗಿಲು ಅರ್ಧ ತೆರೆದ ಹೆಂಡತಿ "ಲೇರಮ್ಮ, ಊರಿಕಿ ಪೋಯಿನಾರು" ಎಂದರು. ಮನೆಯಲ್ಲಿಲ್ಲ, ಊರಿಗೆ ಹೋಗಿದ್ದಾರಂತೆ. ಆದರೆ ಒಳಗೆ ಯಾರೋ ವಾಂತಿ ಮಾಡುವ ಸದ್ದು ಕೇಳುತ್ತಿತ್ತು. ನಾನು ಸರ್ಕಾರಿ ಆಯುರ್ವೇದ ಡಾಕ್ಟರು, ನೋಡ್ತೀನಿ ಬಿಡಿ ಎಂದೆ. ಆಕೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದ ಮನುಷ್ಯನಿಗೆ ಅರವತ್ತರ ಆಸುಪಾಸು. ಮುಖ ದುಂಡಗೆ, ಹೊಟ್ಟೆ ದಪ್ಪ, ಕೈಕಾಲು ಕಡ್ಡಿ, ಮುಂಗೈ ತುಂಬ ನೇರಳೆ ಕಲೆ. ಮೋಸಗಾರನನ್ನು ನೋಡಲು ಬಂದಿದ್ದ ನನ್ನೆದುರು ಇನ್ನೊಬ್ಬ ಹಾಲಿನಮ್ಮ ಕೂತ ಹಾಗಿತ್ತು.

"ನೀವೂ ತಿಂತಿದ್ರಾ?" ಎಂದೆ.

"ನಾನು ತಿನ್ನದೇ ಇರೋದನ್ನ ಯಾರಿಗೂ ಕೊಟ್ಟೋನಲ್ಲ ಮೇಡಂ" ಎಂದರು. ದನಿಗೆ ಬಲವಿರಲಿಲ್ಲ. "ಲಾರಿ ಕ್ಲಚ್ ತುಳಿದೂ ತುಳಿದೂ ಮಂಡಿ ಹೋಗಿತ್ತು. ಈ ಪುಡಿ ತಿಂದ ಮೇಲೆ ಆವನಿ ಬೆಟ್ಟ ಹತ್ತಿದೀನಿ, ಗೊತ್ತಾ? ಅದಕ್ಕೇ ಏಜೆನ್ಸಿ ತಗೊಂಡೆ. ಪೊಲೀಸ್ರು ಇದ್ದಾರಾ ಹೊರಗೆ?"

"ಯಾರೂ ಇಲ್ಲ. ನಾನೊಬ್ಬಳೇ. ಪುಡಿ ನಿಂತು ಎಷ್ಟು ದಿನ ಆಯ್ತು?"

"ಎಲ್ಲಾ ಹೊತ್ಕೊಂಡ್ ಹೋದ್ರಲ್ಲ. ಅವತ್ತಿಂದ ಇಲ್ಲ."

ಅದರಲ್ಲಿ ಏನಿತ್ತು ಎಂದು ಹೇಳಿದೆ. ನಂಬಲಿಲ್ಲ. ನಿಮ್ಮ ಔಷಧ ಈಗ ಯಾರೂ ಕೇಳಲ್ಲ ಎಂಬ ಹೊಟ್ಟೆಕಿಚ್ಚು ನಿಮಗೆ ಎಂದರು. ಏಳಲು ಹೋದವರು ಕಣ್ಣು ಕತ್ತಲಿಟ್ಟು ಚಾಪೆಯ ಮೇಲೆಯೇ ಕುಸಿದರು. ಹೆಂಡತಿ ಅಳತೊಡಗಿದರು. ಆಂಬ್ಯುಲೆನ್ಸಿಗೆ ಫೋನು ಮಾಡಿ, ಅದು ಬರುವ ತನಕ ಕಾಲು ಎತ್ತರಕ್ಕಿಟ್ಟು, ಉಪ್ಪು ಬೆರೆಸಿದ ನೀರನ್ನು ಚಮಚದಲ್ಲಿ ಹನಿಸುತ್ತ ಕೂತೆ. ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ಇಂಜೆಕ್ಷನ್ ಕೊಟ್ಟರು. ಕಾಲಿನ ಗಾಯ, ಸಕ್ಕರೆ ಎಂದು ಹಾಲಿನಮ್ಮ ಇನ್ನೂ ಎರಡು ವಾರ್ಡಿನಾಚೆ ಇದ್ದರು. ಡ್ರೈವರಣ್ಣ ಬಂದಿದ್ದಾನೆಂದು ಕೇಳಿ ಡ್ರಿಪ್ಪಿನ ಕಂಬ ತಳ್ಳಿಕೊಂಡು ನೋಡಲು ಹೋದರಂತೆ. ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಅವತ್ತು ಸಂಜೆ ನಾನು ಹೋದಾಗ ಡ್ರೈವರಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಯಾರ್ಯಾರ ಮನೆಗೆ ಕೊಟ್ಟಿದೀನೋ ಎಲ್ಲಾ ಗೊತ್ತು ಮೇಡಂ" ಎಂದರು ತಿರುಗದೆಯೇ. "ಕರ್ಕೊಂಡು ಹೋಗ್ತೀನಿ."

ಅವರ ಮೇಲಿನ ಕೇಸು ಹಾಗೆಯೇ ಇತ್ತು. ಅದನ್ನು ನಾನು ತಪ್ಪಿಸುವಂತಿರಲಿಲ್ಲ, ಅವರೂ ಕೇಳಲಿಲ್ಲ. ಬಿಡುಗಡೆಯಾದ ಮರುದಿನದಿಂದಲೇ ನನ್ನ ಸ್ಕೂಟರಿನ ಹಿಂದೆ ಕೂತು ಹೊರಟರು. ಅಷ್ಟು ದೊಡ್ಡ ಹೊಟ್ಟೆಯ ಮನುಷ್ಯನನ್ನು ಕೂರಿಸಿಕೊಂಡು ಸರ್ಕಾರಿ ಡಾಕ್ಟರಮ್ಮ ಹೋಗುವುದನ್ನು ದಾರಿಯುದ್ದಕ್ಕೂ ಜನ ನಿಂತು ನೋಡುತ್ತಿದ್ದರು. ಮನೆ ಮನೆಯ ಮುಂದೆ ಅವರೇ ಇಳಿದು ಕೂಗುತ್ತಿದ್ದರು. ಕೆಲವರು ಬೈದರು. ಒಬ್ಬರು ಚಪ್ಪಲಿ ತೋರಿಸಿದರು. ಅದಕ್ಕಿಂತ ಹೆಚ್ಚು ಮಂದಿ ಅವರನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಒಂದು ಪಾಕೀಟಾದ್ರೂ ಇದ್ರೆ ಕೊಡು" ಎಂದು ಗುಟ್ಟಾಗಿ ಕೇಳಿದರು. ಸುಸ್ತು, ವಾಕರಿಕೆ ಶುರುವಾದವರನ್ನು ಆಗಲೇ ಆಸ್ಪತ್ರೆಗೆ ಕಳಿಸಿದೆವು.

ಆವನಿಯಲ್ಲಿ ಒಂದು ಮನೆಗೆ ಹೋದಾಗ ಜಗಲಿಯಲ್ಲಿ ಒಬ್ಬ ಹಿರಿಯರು ತಲೆ ಬೋಳಿಸಿಕೊಂಡು ಕೂತಿದ್ದರು. ಡ್ರೈವರಣ್ಣನನ್ನು ಗುರುತು ಹಿಡಿದು ಎದ್ದು ಬಂದರು.

"ಬಾರಪ್ಪ. ನಿನಗೆ ಹೇಳಿ ಕಳಿಸೋಕೆ ಆಗ್ಲಿಲ್ಲ. ನಮ್ಮನೆಯವಳು ಹೋಗ್ಬಿಟ್ಳು. ಎರಡು ದಿನ ಸುಸ್ತು ಅಂದ್ಲು, ವಾಂತಿ ಅಂದ್ಲು. ಬಿಸಿಲಿಗೆ ಇರ್ಬೇಕು ಅಂದ್ಕೊಂಡ್ವಿ. ಆದ್ರೂ ನಿನ್ನ ಪುಡಿಯಿಂದ ಕೊನೇ ವರ್ಷ ಚೆನ್ನಾಗಿ ಓಡಾಡ್ಕೊಂಡಿದ್ಳು. ನಿನ್ನನ್ನ ನೆನೀತಿದ್ಳಪ್ಪ."

ಆ ಮನೆಯ ಸೊಸೆ ಎರಡು ಲೋಟ ನೀರು ತಂದಿಟ್ಟಳು. ಆಕೆ ಪುಡಿ ನಿಂತದ್ದರಿಂದಲೇ ಹೋದರೇ, ಬೇರೆ ಕಾರಣವಿತ್ತೇ, ಈಗ ಯಾರೂ ಖಚಿತವಾಗಿ ಹೇಳಲಾರರು. ಹೇಳದೆ ಎದ್ದು ಬರಬಹುದಿತ್ತು. ಅವರ ಕೃತಜ್ಞತೆ ಅವರಿಗಿರಲಿ ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಡ್ರೈವರಣ್ಣ ಲೋಟ ಕೆಳಗಿಟ್ಟರು.

"ಅಣ್ಣಾ, ಪುಡಿಯಲ್ಲಿ ವಿಷ ಇತ್ತು. ನಿಲ್ಲಿಸಿದ್ರೂ ಆಪತ್ತೇ. ಅತ್ತಿಗೆಗೆ ಅದೇ ಆಗಿರಬೋದು. ನನಗೆ ಗೊತ್ತಿರಲಿಲ್ಲ."

ಹಿರಿಯರು ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಒಳಗೆ ಹೋದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ನಾವು ಕಾದೆವು. ಅವರು ಮತ್ತೆ ಹೊರಗೆ ಬರಲೇ ಇಲ್ಲ. ಬಿಸಿಲು ಜಗಲಿಗೆ ಬಂದ ಮೇಲೆ ಎದ್ದೆವು. ಹಿಂದಿರುಗುವಾಗ ನಂಗಲಿ ಕಡೆಯ ತಿರುವಿನಲ್ಲಿ ಮನೆಗೆ ಬಿಡಲೇ ಎಂದು ಡ್ರೈವರಣ್ಣನನ್ನು ಕೇಳಿದ್ದಕ್ಕೆ, "ಇನ್ನೂ ಎರಡು ಊರು ಐತೆ ಮೇಡಂ" ಎಂದರು.

ಆಮೇಲಿನದು ತಿಂಗಳುಗಳ ಕೆಲಸ. ಫಿಸಿಶಿಯನ್ ಪ್ರತಿಯೊಬ್ಬರಿಗೂ ಮಾತ್ರೆ ಬರೆದು, ವಾರ ವಾರ ಕಡಿಮೆ ಮಾಡುತ್ತ ಬಂದರು. ಮಾತ್ರೆ ಇಳಿದ ಹಾಗೆ ಮುಖದ ಊತ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ಗಾಯಗಳು ಮಾಯ್ದವು. ಜೊತೆಗೇ ಮಂಡಿ ನೋವು ಹಿಂದಿರುಗಿತು. ಪುಡಿಯ ದಿನಗಳಲ್ಲಿ ನೋವಿಲ್ಲವೆಂದು ಲೆಕ್ಕವಿಲ್ಲದೆ ದುಡಿಸಿಕೊಂಡಿದ್ದ ಕೀಲುಗಳು ಇನ್ನಷ್ಟು ಸವೆದಿದ್ದವು. ನನ್ನ ಜಗಲಿ ಮತ್ತೆ ತುಂಬಿತು. ನೋವು ತಂದವಳು ನಾನೇ ಎಂಬ ಹಾಗೆ ನನ್ನನ್ನು ನೋಡುವವರೇ ಹೆಚ್ಚು. ಗುಗ್ಗುಲು ಬೇಗ ಮುಗಿದುಹೋಗುತ್ತಿತ್ತು. ಎಣ್ಣೆಯನ್ನು ಚಿಕ್ಕ ಬಾಟಲಿಗಳಿಗೆ ಹಂಚಿ ಕೊಡುತ್ತಿದ್ದೆವು. ಮಂಡಿಯ ಕೆಳಗೆ ಸುತ್ತಿದ ಟವೆಲು ಇಟ್ಟು ಒತ್ತಿ ಹಿಡಿಯುವ ವ್ಯಾಯಾಮವನ್ನು ಒಂದೇ ದಿನ ಎಷ್ಟು ಸಲ ತೋರಿಸಿದೆನೋ, ಮನೆಗೆ ಹೋಗುವಾಗ ನನ್ನ ತೊಡೆಗಳೇ ನಡುಗುತ್ತಿದ್ದವು. ಕುಕ್ಕರಗಾಲು ಬಿಡಿ, ಎತ್ತರದ ಮಣೆ ಮಾಡಿಸಿ ಹಾಲು ಕರೆಯಿರಿ ಎಂದರೆ, ಹಸು ನಿಲ್ಲಲ್ಲ ಎಂಬ ಉತ್ತರ.

ಹಾಲಿನಮ್ಮನ ಮಾತ್ರೆ ಎಲ್ಲರಿಗಿಂತ ಕೊನೆಗೆ ನಿಂತಿತು. ಒಳಗಿನ ಗ್ರಂಥಿ ಮತ್ತೆ ಕೆಲಸ ಶುರು ಮಾಡಿದೆ ಎಂದು ರಕ್ತದ ಪರೀಕ್ಷೆ ಹೇಳಿತು. ಅದಾದ ಮೇಲೆ ಒಂದು ದಿನ ಅವರು ಬಂದರು. ಮೆಟ್ಟಿಲಿಗೊಂದು ಸಲ ನಿಂತು ಉಸಿರು ಬಿಟ್ಟು, ಒಳಗೆ ಬಂದು ಬೆಂಚಿನ ಮೇಲೆ ಕೂತರು. ಮುಖ ಮೊದಲಿನ ಹಾಗೆ ಒಣಕಲಾಗಿತ್ತು.

"ಆ ಪುಡಿ ತಿಂತಿದ್ದಾಗ ನಾನು ಸೊಸೆಗಿಂತ ಜೋರಾಗಿ ನಡೀತಿದ್ದೆ ಕಣಮ್ಮ" ಎಂದರು.

"ಗೊತ್ತು" ಎಂದೆ.

"ನಿನ್ನ ಮದ್ದು ತಿಂದ್ರೆ ಮತ್ತೆ ಹಂಗೆ ನಡೀತೀನಾ?"

ಹೊರಗೆ ಜಗಲಿಯಲ್ಲಿ ಇನ್ನೂ ಬಹಳ ಮಂದಿ ಇದ್ದರು. ನಡೀತೀರಿ ಎಂದಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು.

"ಇಲ್ಲಮ್ಮ. ಹಂಗೆ ನಡೆಯಲ್ಲ. ಬೆಳಿಗ್ಗೆ ಎದ್ದಾಗ ಹಿಡ್ಕೊಳ್ಳೋದು ಸ್ವಲ್ಪ ಸಡಿಲ ಆಗುತ್ತೆ, ಅಷ್ಟೇ. ಅದಕ್ಕೂ ಎರಡು ಮೂರು ತಿಂಗಳು ಬೇಕು. ದಿನಾ ಕಾಲು ಒತ್ತೋ ವ್ಯಾಯಾಮಾನೂ ಮಾಡ್ಬೇಕು."

ಅವರು ಕಿಟಕಿಯ ಆಚೆ ನೋಡಿದರು. ಎದ್ದು ಹೋಗುತ್ತಾರೆ ಎಂದೇ ನನಗನ್ನಿಸಿತ್ತು. ಆಮೇಲೆ ಎರಡೂ ಕೈಯಲ್ಲಿ ಬಲಗಾಲನ್ನು ಎತ್ತಿ ಬೆಂಚಿನ ಮೇಲಿಟ್ಟು, ಸೀರೆಯನ್ನು ಮಂಡಿಯ ತನಕ ಸರಿಸಿದರು.

"ಸರಿ, ಎಣ್ಣೆ ತಗೊಂಡು ಬಾ. ಎಲ್ಲಿ ಒತ್ಬೇಕು, ತೋರಿಸು."